ಚಗಳಿಯ ಗದ್ದದ ಕೆಳಗಿನ ನುಸಿ

ಹೋದ ತಿಂಗಳು ದಾಂಡೇಲಿಗೆ ಮಗಳ ಮನೆಗೆ ಹೋಗಿದ್ದೆ. ಮಗಳ ಜೊತೆ ಸಂತೆಯ ಹತ್ತಿರ ರಿಕ್ಷಾ ಇಳಿದವನು ಎರಡು ಹೆಜ್ಜೆ ಹಾಕಿ ಅಲ್ಲೇ ನಿಂತುಬಿಟ್ಟೆ. ಜೊಯಿಡಾ ಕಡೆಯಿಂದ ಬಂದ ಕುಣಬಿ ಹೆಣ್ಣುಮಗಳೊಬ್ಬಳು ನೆಲದ ಮೇಲೆ ಗೋಣಿತಟ್ಟು ಹಾಸಿ, ಕೆಸುವಿನ ಗೆಡ್ಡೆಗಳ ಪಕ್ಕದಲ್ಲಿ ಎಲೆಯ ಪೊಟ್ಟಣವೊಂದನ್ನು ಬಿಚ್ಚಿಟ್ಟಿದ್ದಳು. ಅದರಿಂದ ಏಳುತ್ತಿದ್ದ ಹುಳಿ ವಾಸನೆ ನಿಂಬೆಯ ಸಿಪ್ಪೆ ಹಿಂಡಿದಂತಿತ್ತು, ಆದರೆ ಅದಕ್ಕಿಂತ ಚೂಪು. ಚಗಳಿ! ಮರದ ಮೇಲೆ ಹಸಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಇರುವೆ. ಆ ಕಡೆಯ ಜನ ಅದನ್ನು ಮೊಟ್ಟೆ, ಮರಿ ಸಮೇತ ಅರೆದು ಚಟ್ನಿ ಮಾಡುತ್ತಾರೆ.

"ಬೇಕೇನಜ್ಜಾ? ಜ್ವರಕ್ಕ ಛಲೋ," ಎಂದಳು ಆಕೆ.

"ಗೊತ್ತೈತಿ ತಂಗಿ. ಕುಡದೇನಿ," ಎಂದೆ. ಮಗಳು ಮುಖ ಕಿವಿಚಿ ನನ್ನ ತೋಳು ಹಿಡಿದು ಎಳೆದಳು. ಮನೆ ಸೇರಿ ಊಟಕ್ಕೆ ಕೂತರೂ ನನ್ನ ಮೂಗಿನಿಂದ ಆ ವಾಸನೆ ಹೋಗಲಿಲ್ಲ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಬೇಸಿಗೆಯನ್ನು ನಾನು ಕುಂಬಾರವಾಡದಲ್ಲಿ ಕಳೆದಿದ್ದೆ. ಆ ಬೇಸಿಗೆಯನ್ನು ಮಗಳಿಗೆ ಕೂಡ ನಾನು ಸರಿಯಾಗಿ ಹೇಳಿರಲಿಲ್ಲ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಹಳಿಯಾಳದ ಪೇಟೆಯಲ್ಲಿ ನಮ್ಮ ಅಬ್ಬಾ ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದರು. ಹತ್ತು ವರ್ಷದವನಿದ್ದಾಗಲೇ ನಾನು ಗಡಿಯಾರದವರ ಭೂತಗನ್ನಡಿಯಾದ ಐಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅವರ ಪಕ್ಕ ಕೂತವನು. ಕೆಲಸ ಕೈಗೆ ಬಂದಿತ್ತು, ಹೆಸರೂ ಬಂದಿತ್ತು. ಆದರೆ ಹಿಂದಿನ ವರ್ಷ ಚಳಿಜ್ವರ ಬಂದು ಮೂರು ವಾರ ಮಲಗಿಸಿ ಹೋದ ಮೇಲೆ ನನ್ನ ಬಲಗೈ ನಡುಗಲು ಶುರುವಾಯಿತು. ಚಹಾದ ಬಸಿ ಹಿಡಿಯುವುದಕ್ಕೆ ತೊಂದರೆಯಿಲ್ಲ, ಉಣ್ಣುವುದಕ್ಕೂ ಇಲ್ಲ. ಚಿಮಟದಲ್ಲಿ ಕೂದಲಿನಂಥ ಸ್ಪ್ರಿಂಗು ಎತ್ತಿದಾಗ ಮಾತ್ರ ಅದರ ತುದಿ ಹುಳದಂತೆ ಒದ್ದಾಡುತ್ತಿತ್ತು. ಗಡಿಯಾರ ರಿಪೇರಿ ಮಾಡುವವನಿಗೆ ಅಷ್ಟು ಸಾಕು. ಒಬ್ಬರ ಮದುವೆಯ ಕಿಸೆಗಡಿಯಾರವನ್ನು ಕೆಡಿಸಿ, ಅದು ಮೊದಲೇ ಹಾಳಾಗಿತ್ತೆಂದು ಸುಳ್ಳು ಹೇಳಿದೆ. ಆಮೇಲೆ ಸೂಕ್ಷ್ಮ ಕೆಲಸ ಬಂದಾಗೆಲ್ಲ "ಕಣ್ಣು ಉರಿಯುತ್ತಿದೆ" ಎಂದು ಅಬ್ಬಾರ ಕಡೆ ಸರಿಸುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಈ ಕೈ ಬಿಟ್ಟರೆ ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ನಮ್ಮ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ ಲಿಂಗಾಯತರ ಕಿರಾಣಿ ಅಂಗಡಿಯಿತ್ತು. ಆ ಮನೆಯ ಮಗಳು ನೀಲಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಅವರ ಅಣ್ಣ ಹಟ ಹಿಡಿದು ಓದಿಸಿದ್ದರಿಂದ ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಊರವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾವೂ ಹಾಗೇ. ನಲವತ್ತಾರು ವರ್ಷದ, ಬಿಳಿ ಸೀರೆಯ, ಗಟ್ಟಿ ದನಿಯ ಹೆಂಗಸು. ಬೇಸಿಗೆಯ ರಜೆ ಬಿಟ್ಟ ಕೂಡಲೆ ಅವರು ಕಾಡಿಗೆ ಹೋಗಿ ಹುಳ ನೋಡುತ್ತಾರೆ ಎಂದು ಪೇಟೆಯಲ್ಲಿ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಆ ವರ್ಷ ಅವರು ಒಂದು ಮರದ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಅಂಗಡಿಗೆ ಬಂದರು. ಒಳಗೆ ಹಿತ್ತಾಳೆಯ ಸೂಕ್ಷ್ಮದರ್ಶಕ. ಅದರ ಸಣ್ಣ ತಿರುಪು ಹಿಡಿದುಕೊಂಡಿತ್ತು.

"ನಾಳಿ ಕುಂಬಾರವಾಡಕ್ಕ ಹೊಂಟೇನಿ. ಇವತ್ತs ಆಗಬೇಕ್ರಿ," ಎಂದರು.

ಅಬ್ಬಾ ಅದನ್ನು ತಿರುಗಿಸಿ ನೋಡಿ, ಒಂದು ದಿನದಲ್ಲಿ ಆಗುವುದಲ್ಲ ಎಂದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, "ಅಕ್ಕೋರ, ಇವನ್ನ ಕರಕೊಂಡ ಹೋಗ್ರಿ. ಅಲ್ಲೇ ಮಾಡ್ತಾನ. ನಿಮ್ಮ ಕೆಲಸಾ ಮುಗಿಯೂತನಕ ಅಲ್ಲೇ ಇರಲಿ," ಎಂದುಬಿಟ್ಟರು. ಅಂಗಡಿಯಲ್ಲಿ ಮುಚ್ಚಿಟ್ಟದ್ದು ಕಾಡಿನಲ್ಲಿ ಹೊರಬೀಳುತ್ತದೆ ಎನಿಸಿತು. ಆದರೆ ಅಬ್ಬಾರ ಮಾತಿಗೆ ಎದುರು ಹೇಳಿ ಅಭ್ಯಾಸವಿರಲಿಲ್ಲ.

ದಾಂಡೇಲಿಯಲ್ಲಿ ಆಗ ಕಾಗದದ ಕಾರ್ಖಾನೆ ಇರಲಿಲ್ಲ. ಕಾಳಿ ನದಿಯ ದಂಡೆಯಲ್ಲಿ ಸಾಗವಾನಿ ದಿಮ್ಮಿಗಳ ರಾಶಿ, ಅವನ್ನು ನೂಕುವ ಆನೆಗಳು, ಎಲ್ಲೆಲ್ಲೂ ಕೊಯ್ದ ಮರದ ವಾಸನೆ. ಅಲ್ಲಿಂದ ಸೂಪಾ, ಸೂಪಾದಿಂದ ಚಕ್ಕಡಿಯಲ್ಲಿ ಕುಂಬಾರವಾಡ. ದಾರಿಯುದ್ದಕ್ಕೂ ಒಣ ಎಲೆ ಚಕ್ರದಡಿ ಪುಡಿಯಾಗುತ್ತಿತ್ತು. ಕುಂಬಾರವಾಡದಲ್ಲಿ ಕಾಡಿನ ಅಧಿಕಾರಿಗಳು ಬಂದರೆ ಇಳಿಯುವ ಎರಡು ಕೋಣೆಯ ಹಂಚಿನ ಬಂಗಲೆಯಿತ್ತು. ಅಕ್ಕೋರು ಅದಕ್ಕೆ ಪರವಾನಗಿ ತೆಗೆದುಕೊಂಡಿದ್ದರು. ನನಗೆ ಹಿಂದಿನ ಸಾಮಾನಿನ ಕೋಣೆ. ಬಂಗಲೆ ಗುಡಿಸಿ, ನೀರು ತಂದು, ಅಡುಗೆ ಮಾಡುವವಳು ದೇವಕಿ. ಐವತ್ತರ ಹತ್ತಿರದ ಕುಣಬಿ ಹೆಂಗಸು, ಸಣ್ಣ ದೇಹ, ಕೊರಳ ತುಂಬ ಕರಿಮಣಿ. ಅವಳ ಮಾತು ಕೊಂಕಣಿ. ಹಳಿಯಾಳದ ಸಂತೆಗೆ ಓಡಾಡಿ ನಮ್ಮ ಕನ್ನಡವನ್ನೂ ಕಲಿತಿದ್ದಳು. ಮೊದಲ ದಿನವೇ ನನ್ನನ್ನು "ಪುತಾ" ಎಂದು ಕರೆದಳು. ಅವರಲ್ಲಿ ಮಗನನ್ನು ಹಾಗೆ ಕರೆಯುತ್ತಾರೆ.

ಒಂದು ತಾಸಿನ ಕೆಲಸವಾಗಿದ್ದ ತಿರುಪಿಗೆ ನನಗೆ ಇಡೀ ಒಂದು ದಿನ ಹಿಡಿಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿಹಿಡಿದು, ಉಸಿರು ಕಟ್ಟಿ, ಗೋಡೆಯ ಕಡೆ ಮುಖಮಾಡಿ ಕೂತು ಮಾಡಿದೆ. ಅಕ್ಕೋರು ಪಡಸಾಲೆಯಲ್ಲಿ ಏನೋ ಬರೆಯುತ್ತಿದ್ದರು. ನೋಡಿದರೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಅವರು ಅಂಗಳದ ಮಾವಿನ ಮರದ ಟೊಂಗೆಯೊಂದನ್ನು ತೋರಿಸಿದರು. ಹತ್ತಾರು ಹಸಿ ಎಲೆ ಸೇರಿಸಿ, ಬಿಳಿ ನೂಲಿನಿಂದ ಹೊಲಿದ ತೆಂಗಿನಕಾಯಿ ಗಾತ್ರದ ಗೂಡು. ಮೇಲೆಲ್ಲ ಚಗಳಿ.

"ಚಳಿ ದೇಶದ ಇರುವಿ ಬಗ್ಗೆ ಒಂದ ಪುಸ್ತಕದಾಗ ಓದೇನಿ," ಎಂದರು. "ಅವುಗಳ ಮ್ಯಾಲೆ ಒಂದ ನುಸಿ ಇರತೈತಂತ. ರಕ್ತಾ ಹೀರೂದಲ್ಲ, ಕಚ್ಚೂದಲ್ಲ. ಸುಮ್ಮನ ಹತ್ತಿ ಕುಂತು ಇರುವಿ ಬಾಯಿಂದನ ಉಣತೈತಂತ. ನಮ್ಮ ಚಗಳಿ ಮ್ಯಾಲೂ ಅಂಥಾದ್ದು ಐತಿ ಅಂತ ನನಗ ಮೂರು ವರ್ಷದಿಂದ ಅನಸ್ತೈತಿ. ನಮ್ಮ ಕಡೆ ಇದನ್ನ ಯಾರೂ ನೋಡಿ ಬರದದ್ದು ನನಗ ಸಿಕ್ಕಿಲ್ಲ. ನೀವು ನೋಡ್ರಿ."

ಐಗ್ಲಾಸು ಹಾಕಿ ಟೊಂಗೆಗೆ ಮುಖ ಒಡ್ಡಿದೆ. ನಾಲ್ಕು ಚಗಳಿ ಕುತ್ತಿಗೆಗೆ ಕಚ್ಚಿದವು. ಐದನೆಯದು ನನ್ನ ಕಣ್ಣೆದುರು ನಿಂತು ತಲೆಯೆತ್ತಿತು. ಅದರ ಗದ್ದದ ಕೆಳಗೆ, ಸಾಸಿವೆಯನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲಿನಷ್ಟು, ಜೇನಿನ ಬಣ್ಣದ ಏನೋ ಅಂಟಿಕೊಂಡಿತ್ತು. ಧೂಳೆಂದುಕೊಂಡೆ. ಧೂಳು ಕಾಲು ಚಾಚಿತು.

"ಐತ್ರಿ ಅಕ್ಕೋರ! ಜೀವಂತ ಐತಿ!" ಎಂದು ಕೂಗಿಕೊಂಡೆ. ಅವರು ಅಲ್ಲೇ ನೆಲದ ಮೇಲೆ ಕೂತು, "ಎಷ್ಟ ಕಾಲು? ಯಾವ ಕಾಲು ಉದ್ದ? ಮೈ ಗುಂಡಗೋ ಉದ್ದಕೋ?" ಎಂದು ಕೇಳುತ್ತ ನಾನು ಹೇಳಿದಂತೆ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದರು. ಬರೆದು ಮುಗಿಸಿದಾಗ ನೋಡಿದರೆ ನಾನು ಕಂಡದ್ದೇ ಅಲ್ಲಿ ಕೂತಿತ್ತು. ಒಂದು ಗೆರೆಯೂ ಅಲುಗಿರಲಿಲ್ಲ. ಅಂಥ ಕೈ ನನಗಿದ್ದಿದ್ದರೆ ಎನಿಸಿತು.

ಅವರ ಗುಟ್ಟು ನನಗೆ ತಿಳಿದದ್ದು ಮೂರನೆಯ ದಿನ. ನುಸಿಯೊಂದನ್ನು ಗಾಜಿನ ತುಂಡಿನ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದೆ. ಅಕ್ಕೋರು ಕಣ್ಣಿಟ್ಟು, ತಿರುಪು ತಿರುಗಿಸುತ್ತ, "ಹೂಂ, ಛಲೋ ಕಾಣಸ್ತೈತಿ," ಎಂದರು. ಅವರು ಬಗ್ಗುವ ಮೊದಲೇ ನಾನು ಒರೆಸಲೆಂದು ಗಾಜನ್ನು ತೆಗೆದು ಕೈಯಲ್ಲಿ ಹಿಡಿದಿದ್ದೆ.

"ಅಕ್ಕೋರ," ಎಂದೆ ಮೆಲ್ಲಗೆ, "ಅಲ್ಲೆ ಗಾಜs ಇಲ್ರಿ."

ಅವರು ತಲೆಯೆತ್ತಲಿಲ್ಲ. ಬಗ್ಗಿದಲ್ಲಿಂದಲೇ ಹೇಳಿದರು: "ನಿಮ್ಮ ಕೈ ಯಾಕ ನಡಗತೈತಿ ಅಂತ ನಾ ಕೇಳಿದ್ನೇನ್ರಿ?"

ನನ್ನ ಕಿವಿ ಬಿಸಿಯಾದವು. ಅವರೇ ಮುಂದುವರಿದರು. ಬಲಗಣ್ಣಿಗೆ ಪೊರೆ ಕಟ್ಟಿ ಎರಡು ವರ್ಷವಾಗಿತ್ತು. ಎಡಗಣ್ಣಿನಲ್ಲಿ ಹಾಳೆಯ ಮೇಲಿನ ಗೆರೆ ಕಾಣುತ್ತದೆ, ಹುಳದ ಕಾಲು ಕಾಣುವುದಿಲ್ಲ. ಶಾಲೆಯಲ್ಲಿ ಗೊತ್ತಾದರೆ ಮನೆಗೆ ಕಳಿಸುತ್ತಾರೆಂದು ಹೇಳಿಲ್ಲ. "ಈ ಒಂದು ಬ್ಯಾಸಗಿ ಕಣ್ಣು ತಡೀತಾವ ಅಂತ ಬಂದೆ. ತಡೀಲಿಲ್ಲ."

ನಾನೂ ಹೇಳಿದೆ. ಜ್ವರ, ಚಿಮಟ, ಕೆಡಿಸಿದ ಕಿಸೆಗಡಿಯಾರ, ಸುಳ್ಳು, ಎಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ. ಒಂದು ಹೊಸ ಹಾಳೆ ತೆಗೆದು, "ಗಾಜ ತಿರಗಿ ಇಡ್ರಿ. ನೀವು ನೋಡಿ ಹೇಳ್ರಿ, ನಾ ಬರೀತೇನಿ," ಎಂದರು.

ಮರದ ಕೆಳಗೆ ನಿಂತು ನೋಡುವುದು ಸಾಗಲಿಲ್ಲ. ಗಾಳಿಗೆ ಟೊಂಗೆ ನಿಲ್ಲುತ್ತಿರಲಿಲ್ಲ, ಚಗಳಿ ಸುಮ್ಮನಿರುತ್ತಿರಲಿಲ್ಲ. ಬಂಗಲೆಯ ಗೋಡೆಯ ಮೇಲೆ ಯಾವ ಕಾಲದಲ್ಲೋ ನಿಂತುಹೋದ ಗಡಿಯಾರವಿತ್ತು. ಅದರ ಯಂತ್ರ ತುಕ್ಕು ಹಿಡಿದು ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ ತೆಗೆದು ಖಾಲಿ ಪೆಟ್ಟಿಗೆಯ ಸಂದುಗಳಿಗೆ ಮೇಣ ತುಂಬಿದೆ, ಗಾಜಿನ ಬಾಗಿಲಿಗೆ ಆರಪಾರ ಕಾಣುವ ತೆಳು ಕೆಂಪು ಕಾಗದ ಹಚ್ಚಿದೆ. ಇರುವೆಗೆ ಕೆಂಪು ಬೆಳಕು ಕತ್ತಲಿದ್ದಂತೆ ಎಂದು ಅಕ್ಕೋರು ಹೇಳಿದ್ದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೇಜಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದೆವು. ಗೂಡಿದ್ದ ಟೊಂಗೆಯನ್ನು ಕೊಯ್ದು ಒಳಗಿಟ್ಟದ್ದಾಯಿತು.

ದೇವಕಿಗೆ ಗಾಬರಿ. "ಸಾಯ್ಬ ಬಂದು ಗಡಿಯಾರ ಎಲ್ಲಿ ಅಂದ್ರ?"

"ಇರುವಿ ತಿಂದ್ವು ಅಂತ ಹೇಳು," ಎಂದರು ಅಕ್ಕೋರು.

ಆಮೇಲಿನ ಮೂರು ವಾರ ನನ್ನ ಬದುಕಿನಲ್ಲಿ ಬೇರೆಯೇ ಆಗಿ ಉಳಿದಿವೆ. ಬೆಳಗಾಗುವ ಮುಂಚೆ ಅಕ್ಕೋರು ಸ್ನಾನ ಮುಗಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಅಷ್ಟರಲ್ಲಿ ನಾನು ಹಿಂದಿನ ಕಟ್ಟೆಯ ಮೇಲೆ ನಮಾಜು ಮುಗಿಸುತ್ತಿದ್ದೆ. ದೇವಕಿ ಗಂಜಿ ಕೊಡುತ್ತಿದ್ದಳು. ಬಿಸಿಲೇರುವವರೆಗೆ ಪೆಟ್ಟಿಗೆಯ ಮುಂದೆ. ಮಧ್ಯಾಹ್ನ ಹಂಚು ಕಾದು ಕೂರಲಾಗದಂತಾದಾಗ ಎಲ್ಲರೂ ಹಳ್ಳದ ಕಡೆಯ ನೇರಳೆ ಮರದಡಿ ಹೋಗಿ ಕೂರುತ್ತಿದ್ದೆವು. ಬಿಸಿಲು ಇಳಿದ ಮೇಲೆ ಮತ್ತೆ ಪೆಟ್ಟಿಗೆ. ಚಗಳಿಗಳಿಗೆ ದೇವಕಿ ತಂದ ಮಿಡತೆ, ಬೆಲ್ಲದ ನೀರು.

ನಾನು ನೋಡುತ್ತ ಹೋದಂತೆ ಆ ಸಣ್ಣ ಲೋಕ ತೆರೆಯುತ್ತ ಹೋಯಿತು. ನುಸಿಗೆ ಎಂಟು ಕಾಲು. ಆದರೆ ನಡೆಯುವುದಕ್ಕೆ ಆರು ಮಾತ್ರ. ಮುಂದಿನ ಎರಡು ಉದ್ದ, ಯಾವಾಗಲೂ ಗಾಳಿಯಲ್ಲಿ ತಡವರಿಸುತ್ತಿರುತ್ತವೆ. ಒಂದೇ ಇದ್ದರೆ ಇರುವೆಯ ಗದ್ದದ ಕೆಳಗೆ ನಡುಮಧ್ಯ ಕೂರುತ್ತದೆ. ಎರಡು ಹತ್ತಿದರೆ ಹೊಟ್ಟೆಯ ಈ ಕಡೆ ಒಂದು, ಆ ಕಡೆ ಒಂದು. ಹೊರುವವಳಿಗೆ ಒಂದೇ ಕಡೆ ಭಾರ ಆಗಬಾರದು ಎಂಬಂತೆ. ಇದನ್ನು ಹೇಳಿದಾಗ ಅಕ್ಕೋರು ಬರೆಯುವುದನ್ನು ನಿಲ್ಲಿಸಿ, "ಖರೇನs? ಇನ್ನೊಮ್ಮೆ ನೋಡ್ರಿ," ಎಂದರು. ಏಳು ಇರುವೆಗಳ ಮೇಲೆ ನೋಡಿದೆ. ಏಳರಲ್ಲೂ ಹಾಗೇ.

ಅವರಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಉಣಿಸುವುದು. ಎರಡು ಚಗಳಿ ಎದುರಾದರೆ ಒಂದು ಇನ್ನೊಂದರ ಬಾಯಿಗೆ ಹನಿ ಕೊಡುತ್ತದೆ. ಆ ಹನಿಯಲ್ಲಿ ನುಸಿಗೂ ಪಾಲು ಸಿಗುತ್ತದೆಯೇ? ಹತ್ತು ದಿನ ಏನೂ ಕಾಣಲಿಲ್ಲ. ಹನ್ನೊಂದನೆಯ ದಿನ ಕಂಡಿತು. ನುಸಿ ತನ್ನ ಉದ್ದದ ಕಾಲೆರಡನ್ನೂ ಮುಂದೆ ಮಾಡಿ ಇರುವೆಯ ಬಾಯಂಚನ್ನು ಸವರಿತು. ಇರುವೆ ನಿಂತಿತು. ಬಾಯಿ ತೆರೆದು ಒಂದು ಹನಿ ಹೊರಗೆ ತಂದಿತು. ನುಸಿ ಕುಡಿಯಿತು. ನಾನು ಉಸಿರಾಡದೆ ಹೇಳುತ್ತಾ ಹೋದೆ, ಅಕ್ಕೋರು ಬರೆಯುತ್ತಾ ಹೋದರು. ಮೂರು ದಿನ ಬಿಟ್ಟು ಮತ್ತೊಮ್ಮೆ ಕಂಡಿತು.

"ಮುಗೀತಲ್ರಿ ಅಕ್ಕೋರ, ಈಗ ಬರೀರಿ," ಎಂದೆ.

"ಬರಿಯಾಕ ಬರೂದಿಲ್ಲ. ನಾ ನೋಡಿಲ್ಲ," ಎಂದರು. "ಸೂರ್ಯನ ಬೆಳಕು ನೇರ ಬೀಳೂ ಹೊತ್ತಿನ್ಯಾಗ, ನೀವು ಹೇಳಿದ ಕ್ಷಣಕ್ಕ ಎಡಗಣ್ಣಿನಿಂದ ಒಂದ ಸರ್ತಿ ನೋಡಬೇಕು. ಒಂದs ಸರ್ತಿ. ಆಮ್ಯಾಲೆ ಬರೀತೇನಿ."

ಆ ಒಂದು ಸರ್ತಿಗಾಗಿ ಕಾಯುತ್ತಿರುವಾಗಲೇ ನನಗೆ ಜ್ವರ ಬಂತು. ಹಿಂದಿನ ವರ್ಷದ್ದೇ. ಮೊದಲು ಚಳಿ, ಹಲ್ಲು ಕಟಕಟ, ಆಮೇಲೆ ಮೈ ಬೆಂಕಿ. ತಂದಿದ್ದ ಕ್ವಿನೈನು ಎರಡು ದಿನಕ್ಕೆ ಮುಗಿಯಿತು. ಅಕ್ಕೋರು ಬೆಳಗ್ಗೆ ಎದ್ದು ಚಕ್ಕಡಿ ಹೂಡಿಸಿಕೊಂಡು ತಾವೇ ಸೂಪಾದ ದವಾಖಾನೆಗೆ ಹೊರಟರು. ಹೋಗಿ ಬರಲು ಎರಡು ದಿನ. ಹೊರಡುವಾಗ ನನ್ನ ಹಣೆ ಮುಟ್ಟಿ ನೋಡಿ, ದೇವಕಿಗೆ, "ಇವನ್ನ ನೋಡಿಕೋ. ಇವನ ಅಪ್ಪಗ ನಾ ಏನ ಹೇಳಲಿ?" ಎಂದರು. ಆವತ್ತು ಅವರ ಬಾಯಲ್ಲಿ ನಾನು ಮೊದಲ ಸಲ ಏಕವಚನವಾದೆ.

ಆ ದಿನ ಮಧ್ಯಾಹ್ನದ ನೆನಪು ತುಂಡು ತುಂಡು. ಮೈ ಸುಡುತ್ತಿತ್ತು. ದೇವಕಿ ನನ್ನ ತಲೆ ಎತ್ತಿ ಬಟ್ಟಲು ಬಾಯಿಗಿಟ್ಟಳು. ಹುಳಿ, ಉಪ್ಪು, ಖಾರ. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. "ಕುಡಿ ಪುತಾ, ಕುಡಿ," ಎಂದಳು. ಸಂಜೆಗೆ ಒಂದು ಸಲ, ಮರುದಿನ ಬೆಳಗ್ಗೆ ಒಂದು ಸಲ. ಮೂರನೆಯ ಬಟ್ಟಲಾದ ಮೇಲೆ ನಾನು ಬೆವತು ಕಂಬಳಿ ಒದ್ದೆಯಾಯಿತು, ನಿದ್ದೆ ಬಂತು.

ಎದ್ದಾಗ ಹೊರಗೆ ಬಿಸಿಲು. ಗೋಡೆ ಹಿಡಿದು ಪಡಸಾಲೆಗೆ ಬಂದೆ. ಮೇಜಿನ ಮೇಲೆ ಗಡಿಯಾರದ ಪೆಟ್ಟಿಗೆ ಬಾಗಿಲು ತೆರೆದು ನಿಂತಿತ್ತು. ಒಳಗೆ ಏನೂ ಇಲ್ಲ. ಕೆಳಗೆ ಮೊರದಲ್ಲಿ ಒಣಗಿದ ಮಾವಿನೆಲೆಗಳು, ಪಕ್ಕದಲ್ಲಿ ಒರಳುಕಲ್ಲು. ಒರಳಿನಿಂದ ಆ ವಾಸನೆ.

"ದೇವಕಿಬಾಯಿ, ಏನ ಮಾಡಿದ್ರಿ ಇದು?"

ಅವಳು ನಗುನಗುತ್ತ ಬಂದಳು. "ಜ್ವರಕ್ಕ ಚಗಳಿಕಿಂತ ಬ್ಯಾರೆ ಔಷಧ ಇಲ್ಲ ಪುತಾ. ಕಾಡಿಗೆ ಹೋಗಬೇಕಂದ್ರ ನಿನ್ನ ಬಿಟ್ಟು ಹೆಂಗ ಹೋಗಲಿ? ಇಲ್ಲೇ ಇತ್ತಲ್ಲ. ಬೆಲ್ಲಾ, ಮಿಡತಿ ಕೊಟ್ಟು ಛಲೋ ಕೊಬ್ಬಿಸಿದ್ರಿ ನೀವು. ಚಟ್ನಿಗೆ ಅಂತನs ಸಾಕೀರಿ ಅಂತ ತಿಳದೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಅವಳಿಗೆ ಬಿಡಿಸಿ ಹೇಳಿದೆ. ಚಗಳಿಯ ಮೇಲೆ ಕೂತು ಉಣ್ಣುವ ನುಸಿ, ನಮ್ಮ ಮೂರು ವಾರದ ಕೆಲಸ, ಅಕ್ಕೋರ ಕಣ್ಣು. ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣದಾಯಿತು. ಎದ್ದು ಹೋಗಿ ಬೇಲಿಯ ಹತ್ತಿರ ನಿಂತಳು. ಚಕ್ಕಡಿಯ ಗಂಟೆ ಕೇಳುವವರೆಗೂ ಅಲ್ಲೇ ನಿಂತಿದ್ದಳು.

ಅಕ್ಕೋರು ಇಳಿದು ಮೆಟ್ಟಿಲು ಹತ್ತಿದರು. ಮಂಜುಗಣ್ಣಿಗೂ ಖಾಲಿ ಪೆಟ್ಟಿಗೆ ಕಾಣಿಸಿತು. ದೇವಕಿ ತೊದಲುತ್ತ ಎಲ್ಲ ಹೇಳಿದಳು, ಅರ್ಧ ಕೊಂಕಣಿ, ಅರ್ಧ ಕನ್ನಡ. ಅಕ್ಕೋರು ಮೆಟ್ಟಿಲ ಮೇಲೆ ಕೂತರು. ಕ್ವಿನೈನಿನ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. ಕೇಳಿದ್ದು ಒಂದೇ ಮಾತು:

"ಕುಡಿದ ಮ್ಯಾಲೆ ಬೆವತನೇನು?"

"ಬೆವತ," ಎಂದಳು ದೇವಕಿ. "ಕಂಬಳಿ ಹಿಂಡುವಂಗ ಬೆವತ."

"ಹಂಗಾರ ಛಲೋ ಆತು," ಎಂದು ಎದ್ದು ಒಳಗೆ ಹೋದರು. ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. ನನಗೆ ಗಂಜಿ ಅವರೇ ಕಲಸಿಕೊಟ್ಟರು.

ಮಳೆಗೆ ಇನ್ನು ಹತ್ತು ದಿನವಿತ್ತೋ ಏನೋ. ಪಡುವಣದಲ್ಲಿ ಮೋಡ ಕಟ್ಟಿ ದಿನವೂ ಗುಡುಗುತ್ತಿತ್ತು. ಮಳೆ ಹಿಡಿದರೆ ಹಳ್ಳ ತುಂಬಿ ಚಕ್ಕಡಿ ದಾಟುವುದಿಲ್ಲ. ಸುತ್ತಲಿನ ಮರಗಳ ಗೂಡುಗಳನ್ನು ಹುಡುಕಿದೆವು. ನನಗೆ ಕಾಲಲ್ಲಿ ಶಕ್ತಿಯಿರಲಿಲ್ಲ, ನಾಲ್ಕು ಮರ ನೋಡುವುದರೊಳಗೆ ಸುಸ್ತು. ಸಿಕ್ಕ ಎರಡು ಗೂಡಿನಲ್ಲಿ ಚಗಳಿ ಇತ್ತು, ನುಸಿ ಇರಲಿಲ್ಲ.

ಮೂರನೆಯ ಬೆಳಗ್ಗೆ ದೇವಕಿ ಗಂಜಿ ಕಾಯಿಸಲು ಬರಲಿಲ್ಲ. ಸೂರ್ಯ ಮಾರುದ್ದ ಏರಿದ ಮೇಲೆ ಬಂದಳು. ತಲೆಯ ಮೇಲೆ ಇಡೀ ಒಂದು ಟೊಂಗೆ. ತೋಳು, ಕುತ್ತಿಗೆ, ಮುಖವೆಲ್ಲ ಚಗಳಿ ಕಚ್ಚಿ ಕೆಂಪು ಗಂಧೆ ಎದ್ದಿದ್ದವು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅವಳ ಗದ್ದೆಯ ಬದುವಿನಲ್ಲಿ ಒಂದು ಮತ್ತಿಮರವಿತ್ತಂತೆ. ಅವಳ ಅತ್ತೆಯ ಕಾಲದಿಂದ ಜ್ವರ, ಬಾಣಂತನಕ್ಕೆಂದು ಮನೆಯವರು ಕಾಯ್ದಿಟ್ಟ ಮರ. ಹೊರಗಿನವರಿಗೆ ಅದರ ಗೂಡು ಕೊಡುತ್ತಿರಲಿಲ್ಲ.

"ನೋಡು ಪುತಾ, ನಿನ್ನ ಹುಳ ಐತೇನು ಇದರಾಗ?"

ಐಗ್ಲಾಸು ಹಾಕಿ ನೋಡಿದೆ. ಮೊದಲ ಇರುವೆಯಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ, ಮೂರನೆಯದರ ಗದ್ದದಡಿ ಕೂತಿತ್ತು. ನಾನು ತಲೆಯಾಡಿಸಿದ್ದನ್ನು ನೋಡಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕೋರು ಒಳಗಿನಿಂದ ಎಣ್ಣೆ ತಂದು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಒಂದೊಂದೇ ಗಂಧೆ ಕೈಯಿಂದ ತಡವಿ ಹುಡುಕಿ ಹಚ್ಚಿದರು.

ಪೆಟ್ಟಿಗೆ ಮತ್ತೆ ತುಂಬಿತು. ನಾಲ್ಕನೆಯ ದಿನ ಬೆಳಗ್ಗೆ, ಬಿಸಿಲು ನೇರ ಮೇಜಿನ ಮೇಲೆ ಬಿದ್ದಿರುವಾಗ, ನುಸಿಯೊಂದು ಕಾಲು ಚಾಚಿತು. "ಅಕ್ಕೋರ, ಈಗ! ಬರ್ರಿ!" ಎಂದೆ. ಅವರು ನನ್ನ ಐಗ್ಲಾಸನ್ನು ಎಡಗಣ್ಣಿಗೆ ಇಟ್ಟುಕೊಂಡು ಬಗ್ಗಿದರು. ಇರುವೆ ಹನಿ ಕೊಟ್ಟು ಮುಂದೆ ಹೋಗುವವರೆಗೂ ಕದಲಲಿಲ್ಲ.

"ಕಂಡ್ತೇನ್ರಿ?"

"ಕೆಂಪಗೊಂದು ಕಂಡ್ತು," ಎಂದರು. "ನುಸಿ ಕಾಣಲಿಲ್ಲ." ಐಗ್ಲಾಸನ್ನು ಮೇಜಿನ ಮೇಲಿಟ್ಟು ಸೀರೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. ಕಂಡಿತು ಎಂದುಬಿಡಬಹುದಿತ್ತು. ನಾನು ಯಾರಿಗೆ ಹೇಳಲಿಕ್ಕೆ ಹೋಗುತ್ತಿದ್ದೆ?

ಒಲೆಯ ಮುಂದಿದ್ದ ದೇವಕಿಯನ್ನು ಕರೆದರು. ಅವಳ ಕಣ್ಣಿನ ಊತ ಆ ಹೊತ್ತಿಗೆ ಇಳಿದಿತ್ತು. ನನಗೆ ಹೇಳಿದರು: "ನುಸಿ ಉಣತೈತಿ ಅನ್ನೂದು ಆಕಿಗೆ ಗೊತ್ತೈತಿ, ಹೆಂಗ ಅನ್ನೂದು ಗೊತ್ತಿಲ್ಲ. ನೀ ಬಾಯಿ ಬಿಡಬ್ಯಾಡ. ಆಕಿಗೆ ಏನ ಕಾಣತೈತೋ ಆಕಿನs ಹೇಳಲಿ."

ದೇವಕಿಗೆ ಐಗ್ಲಾಸು ಹಾಕಿದೆ. ಮೊದಲು ಹೆದರಿ ಹಿಂದೆ ಸರಿದಳು. ಚಗಳಿ ಬೆಕ್ಕಿನಷ್ಟು ಕಂಡಿತಂತೆ. ಆಮೇಲೆ ಬಗ್ಗಿದವಳು ಏಳಲಿಲ್ಲ. ಬಿಸಿಲು ಮೇಜು ದಾಟುವವರೆಗೂ ನೋಡಿದಳು. ಏಕಾಏಕಿ ಉಸಿರೆಳೆದುಕೊಂಡಳು.

"ಅಯ್ಯ! ಗದ್ದಕ್ಕ ಒಂದ ಕೂಸ ಜೋತಬಿದ್ದೈತಿ. ಕೈ ಎರಡೂ ಮುಂದ ಮಾಡಿ ಅವ್ವನ ಗಲ್ಲ ಸವರಾಕತ್ತೈತಿ. ಬೇಡಾಕತ್ತೈತಿ... ನಿಂತ್ಲು. ಬಾಯಿ ತಗದ್ಲು. ನೀರಿನಂಥಾದ್ದು ಒಂದ ಹನಿ... ಕೊಟ್ಲು! ಅದು ಕುಡೀತು!" ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ ಬೆರಗಿನಿಂದ ಹೇಳಿದಳು: "ನಮ್ಮನ್ನ ಕಂಡ್ರ ಹರದ ತಿಂತಾವು. ಇದರ ಮ್ಯಾಲೆ ಒಂಚೂರೂ ಸಿಟ್ಟಾಗಲಿಲ್ಲ."

ಅಕ್ಕೋರು ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದರು. ನಾನು ಹಿಂದೆ ಹೇಳಿದ್ದ ಹಾಳೆಯನ್ನು ತೆಗೆದು ಅದರ ಪಕ್ಕ ಇಟ್ಟು, ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ಓದಿದರು. ನಾನು ಹುಳ ಎಂದಿದ್ದಲ್ಲಿ ಅವಳು ಕೂಸು ಎಂದಿದ್ದಳು. ನಾನು ಕಾಲು ಎಂದಿದ್ದಲ್ಲಿ ಅವಳು ಕೈ ಎಂದಿದ್ದಳು. ನಡೆದದ್ದು ಮಾತ್ರ ಎರಡರಲ್ಲೂ ಒಂದೇ. ಅಕ್ಕೋರು ದೇವಕಿಯ ಎರಡೂ ಕೈ ಹಿಡಿದುಕೊಂಡರು. ಅವಳಿಗೆ ನಾಚಿಕೆಯಾಗಿ, ಒಲೆಯ ಮೇಲೆ ಅನ್ನ ಹೊತ್ತುತ್ತದೆ ಎಂದು ಓಡಿದಳು.

ಅದಾದ ಮೂರನೆಯ ದಿನ ಮಳೆ ಹನಿಯಲು ಶುರುವಾಯಿತು. ಟೊಂಗೆಯನ್ನು ತೆಗೆದುಕೊಂಡು ಹೋಗಿ ಮತ್ತಿಮರಕ್ಕೆ ಕಟ್ಟಿ ಬಂದೆವು. ಚಕ್ಕಡಿ ಹಳ್ಳ ದಾಟುವಾಗ ನೀರು ಅಚ್ಚಿನವರೆಗೆ ಬಂದಿತ್ತು. ಚಿತ್ರಗಳ ಕಟ್ಟನ್ನು ಅಕ್ಕೋರು ತಲೆಯ ಮೇಲೆ ಹೊತ್ತು ಕೂತಿದ್ದರು.

ಹಳಿಯಾಳಕ್ಕೆ ಬಂದ ದಿನವೇ ಅಬ್ಬಾರ ಮುಂದೆ ಕೂತು ನನ್ನ ಕೈ ಚಾಚಿ ತೋರಿಸಿದೆ. ಅವರಿಗೆ ಸಿಟ್ಟು ಬಂತು. ಕೈ ನಡುಗುವುದಕ್ಕಲ್ಲ, ಕೆಟ್ಟ ಗಡಿಯಾರದ ಬಗ್ಗೆ ಗಿರಾಕಿಗೆ ಸುಳ್ಳು ಹೇಳಿದ್ದಕ್ಕೆ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನನ್ನನ್ನು ಆ ಗಿರಾಕಿಯ ಮನೆಗೆ ಕಳಿಸಿ ತಪ್ಪು ಒಪ್ಪಿಸಿದರು. ಮೂರನೆಯ ದಿನ ಒಂದು ಗೋಡೆಗಡಿಯಾರ ತಂದು ನನ್ನ ಮುಂದಿಟ್ಟು, "ಇದರ ತಿರುಪು ದೊಡ್ಡವು, ಕೂತು ನೋಡು," ಎಂದರು. ಅಂದಿನಿಂದ ದೊಡ್ಡ ಗಡಿಯಾರ, ಹೊಲಿಗೆ ಯಂತ್ರ ನನ್ನ ಪಾಲಿಗೆ ಬಂದವು. ಕೈಗಡಿಯಾರ ಮತ್ತೆಂದೂ ಮುಟ್ಟಲಿಲ್ಲ. ಆ ಕೆಲಸದಲ್ಲೇ ಮನೆ ನಡೆಯಿತು, ಮಕ್ಕಳು ದೊಡ್ಡವರಾದರು.

ದಸರೆಯ ರಜೆಗೆ ಬಂದಾಗ ಅಕ್ಕೋರು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಒಂದು ಪತ್ರ ತೆಗೆದರು. ನುಸಿಯ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು ವಿಜ್ಞಾನದ ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಸಂಪಾದಕರು ಚಿತ್ರಗಳನ್ನು ಮೆಚ್ಚಿದ್ದರು. ಆದರೆ ಗಡಿಯಾರ ರಿಪೇರಿಯವನೊಬ್ಬ, ಕಾಡಿನ ಹೆಂಗಸೊಬ್ಬಳು ಕಂಡದ್ದನ್ನು ಸಾಕ್ಷಿಯೆಂದು ಅಚ್ಚು ಹಾಕಲಾಗದು, ಆ ಭಾಗ ತೆಗೆದು ನೀವೇ ನೋಡಿದಂತೆ ಬರೆದು ಕಳಿಸಿ ಎಂದಿದ್ದರು.

"ಏನಂತ ಬರದ್ರಿ ಅಕ್ಕೋರ?"

"ನನ್ನ ಬರಹ ತಿರಗಿ ಕಳಸ್ರಿ ಅಂತ ಬರದೆ."

ನಮ್ಮ ಹೆಸರು ಹೋದರೆ ಹೋಗಲಿ, ಅಚ್ಚಾಗಲಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಬೇಡವಾದದ್ದನ್ನು ಕನ್ನಡದಲ್ಲಿ ಬರೆದಿದ್ದರು, ದಪ್ಪ ಅಕ್ಷರದಲ್ಲಿ, ನಾಲ್ಕು ಹಾಳೆ. "ಇದನ್ನ ದೇವಕಿಗೆ ಓದಿ ಬಾ. ನನಗ ಇನ್ನ ಅಷ್ಟ ದೂರ ಆಗೂದಿಲ್ಲ," ಎಂದರು. ಮುಂದೆ ನಾಲ್ಕೇ ವರ್ಷಕ್ಕೆ ಅವರ ಎರಡೂ ಕಣ್ಣು ಹೋದವು. ಶಾಲೆ ಬಿಟ್ಟು ಹಳಿಯಾಳಕ್ಕೆ ಬಂದ ಮೇಲೆ, ಅವರು ಇರುವವರೆಗೂ, ಶುಕ್ರವಾರದ ನಮಾಜು ಮುಗಿಸಿ ಹೋಗಿ ಪತ್ರಿಕೆ ಓದಿ ಹೇಳುವುದು ನನ್ನ ಪಾಲಿಗೆ ಬಂತು.

ಸುಗ್ಗಿ ಮುಗಿಯುವ ಹೊತ್ತಿಗೆ ನಾನು ಕುಂಬಾರವಾಡಕ್ಕೆ ಹೋದೆ. ದೇವಕಿ ಮನೆಯ ಮುಂದೆ ಭತ್ತ ತೂರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು, ಮೊದಲು ಹಣೆ ಮುಟ್ಟಿ ಜ್ವರ ನೋಡಿದಳು. ಮಜ್ಜಿಗೆ ಕೊಟ್ಟಳು. ಜಗಲಿಯ ಮೇಲೆ ಕೂತು ಹಾಳೆ ಬಿಚ್ಚಿದೆ. ಚಗಳಿ, ನುಸಿ, ಗಡಿಯಾರದ ಪೆಟ್ಟಿಗೆ, ಎಲ್ಲ ಓದುತ್ತ ಹೋದೆ. ಅವಳು ಭತ್ತ ಆರಿಸುತ್ತ ಹೂಂಗುಡುತ್ತಿದ್ದಳು. ಮೂರನೆಯ ಹಾಳೆಯಲ್ಲಿ ಹೀಗಿತ್ತು: "ನುಸಿಯು ಉಣ್ಣುವುದನ್ನು ನಾನು ನೋಡಿಲ್ಲ. ನನ್ನ ಕಣ್ಣು ಅದಕ್ಕೆ ಸಾಲಲಿಲ್ಲ. ನೋಡಿದವರು ಇಬ್ಬರು. ಹಳಿಯಾಳದ ಗಡಿಯಾರ ರಿಪೇರಿಯ ದಸ್ತಗೀರ ಮತ್ತು ಕುಂಬಾರವಾಡದ ದೇವಕಿ. ದೇವಕಿಯ ಮಾತನ್ನು ಆಕೆ ಹೇಳಿದಂತೆಯೇ ಕೆಳಗೆ ಕೊಟ್ಟಿದ್ದೇನೆ."

ಅವಳ ಕೈ ನಿಂತಿತು.

"ತಡಿ," ಎಂದಳು.

ಎದ್ದು ಸೆರಗು ಕೊಡವಿ, ಬೇಲಿ ದಾಟಿ ಓಡಿದಳು. ಕಣದಲ್ಲಿ ಕೊಂಕಣಿಯಲ್ಲಿ ಏನೋ ಕೂಗುವುದು ಕೇಳಿಸಿತು. ತಿರುಗಿ ಬಂದಾಗ ಅವಳ ಹಿಂದೆ ನಾಲ್ಕೈದು ಹೆಂಗಸರು, ತಲೆಯ ಮೇಲೆಲ್ಲ ಹೊಟ್ಟು. ಅವರನ್ನೆಲ್ಲ ಸಾಲಾಗಿ ಜಗಲಿಯ ಕೆಳಗೆ ಕೂರಿಸಿ, ತಾನು ನನ್ನ ಪಕ್ಕ ಬಂದು ಕೂತು, ಸೆರಗು ಸರಿಮಾಡಿಕೊಂಡು ಹೇಳಿದಳು:

"ಈಗ ಓದು ಪುತಾ. ಮೊದಲಿಂದ ಓದು."